ಓದುವ ಮನೆಯ ಹಗುರ ಕಂಪ್ಯೂಟರ್

ಬೆಳಕವಾಡಿ ರಸ್ತೆಯ ನಮ್ಮೂರಲ್ಲಿ ಓದುವ ಮನೆಯನ್ನು, ಅಂದರೆ ಊರ ಗ್ರಂಥಾಲಯವನ್ನು, ನೋಡಿಕೊಳ್ಳುತ್ತಿದ್ದ ಹೆಂಗಸು ಸೆರಗನ್ನು ಸೊಂಟಕ್ಕೆ ಸಿಕ್ಕಿಸದೆ ಯಾವ ಕೆಲಸಕ್ಕೂ ಕೈ ಹಾಕುತ್ತಿರಲಿಲ್ಲ, ಕಂಪ್ಯೂಟರಿಗೂ ಸಹ. ಲಿನಕ್ಸ್ ಎಂಬ ತಂತ್ರಾಂಶ ಹಾಕಿದ್ದ ಆ ಹಳೆಯ ಯಂತ್ರ, ಗುಂಡಿ ಒತ್ತಿ ಒಂದು ಪತ್ರಿಕೆ ಓದಿ ಮುಗಿಸಿದರೂ ಏಳುತ್ತಿರಲಿಲ್ಲ. ಆಕೆ ದಿನವೂ ಅದರ ಭಾರ ಇಳಿಸುತ್ತಿದ್ದರು. ಪರದೆಯ ಮೇಲೆ ತೇಲಿ ಬರುವ ಕಿಟಕಿಗಳು ಹೋದವು, ಹವಾಮಾನದ ಚಿತ್ರ ಹೋಯಿತು, ಆನ್ ಮಾಡಿದೊಡನೆ ತಾವಾಗಿ ಶುರುವಾಗುವ ಪ್ರೋಗ್ರಾಂಗಳೂ ಹೋದವು.

"ಇದೇನ್ ಕಡ್ದು ಕಟ್ಟೆ ಆಕ್ತದೆ, ಮೇಷ್ಟ್ರೇ? ತೆಗ್ದಾಕದೆಯಾ!" ಎನ್ನುವುದು, ದಿನವೂ ಪತ್ರಿಕೆ ಓದಲು ಹೋಗುತ್ತಿದ್ದ ಶಾಲೆ ಮೇಷ್ಟ್ರಾದ ನನಗೆ ಆಕೆ ಪ್ರತಿ ಸಲ ಹೇಳುತ್ತಿದ್ದ ಮಾತು. ಯಂತ್ರ ಚುರುಕಾಯಿತು. ಸಮಯಕ್ಕೆ ಸರಿಯಾಗಿ ಏಳುವವರನ್ನು ಕಂಡರೆ ನನಗೂ ಇಷ್ಟ.

ಒಂದು ಬೆಳಿಗ್ಗೆ, ಮಂಡ್ಯದಲ್ಲಿ ನರ್ಸಿಂಗ್ ಪರೀಕ್ಷೆ ಬರೆಯಬೇಕಿದ್ದ ಹುಡುಗಿ ಹಾಲ್ ಟಿಕೆಟ್‌ಗೆಂದು ಬಂದಳು. ಫೈಲು ಇಳಿಸಿಕೊಂಡದ್ದಾಯಿತು. ಪ್ರಿಂಟರ್ ಸಿದ್ಧವಾಗುವಷ್ಟರಲ್ಲಿ ಓದುವ ಮನೆಯಾಕೆಯ ಕಣ್ಣಿಗೆ ಇನ್ನೊಂದು ಬೇಡದ ಪ್ರೋಗ್ರಾಂ ಬಿತ್ತು. ತೆಗೆಯಲು ಹೋದರು. ಯಂತ್ರ ಕೇಳಿದ ಪ್ರಶ್ನೆಯನ್ನು ಓದದೆ ಹೌದು ಎಂದರು. ಅದರ ಜೊತೆಗೆ ಚಿತ್ರ, ಕಿಟಕಿಗಳನ್ನು ತೋರಿಸುವ ಇಡೀ ಡೆಸ್ಕ್‌ಟಾಪೇ ಹೋಯಿತು. ಉಳಿದದ್ದು ಕಪ್ಪು ಪರದೆ, ಮಿಣುಕುವ ಒಂದು ಗೀಟು.

"ಅಕ್ಕೋ, ಈ ಬಸ್ಸು ತಪ್ಪುದ್ರೆ ಪರೀಕ್ಸೆಗೆ ಒಳಕ್ಕೆ ಬುಡಾಕಿಲ್ಲ!" ಹುಡುಗಿಗೆ ಅಳುವೇ ಬಂತು.

"ಮಖ ಓಯ್ತು ಕಣವ್ವ, ಜೀವ ಇನ್ನೂ ಅದೆ," ಎಂದು ಆಕೆ ಕಪ್ಪು ಪರದೆಯ ಮೇಲೆ, ಆ ಫೈಲನ್ನು ಪ್ರಿಂಟರಿಗೆ ಕಳಿಸುವ ಆಜ್ಞೆಯ ಒಂದು ಸಾಲು ಟೈಪು ಮಾಡಿದರು. ಪ್ರಿಂಟರ್ ಕೆಮ್ಮಿ ಹಾಳೆ ಉಗುಳಿತು.

"ಅಯ್ಯೋ, ಫೋಟೋ ಕರ್ರಗೆ ಬಂದದೆ!"

"ನಂಬರು ಕಾಣ್ತದಲ್ಲ? ಓಡು ಮೂದೇವಿ, ಬಸ್ಸು ತಿರುಗ್ತಾ ಅದೆ!"

ನಾನು ರಸ್ತೆಗೆ ಅಡ್ಡ ನಿಂತು ಬಸ್ಸು ನಿಲ್ಲಿಸಿದೆ. ಹುಡುಗಿ ಹತ್ತಿದಳು. ಬಸ್ಸು ಕಣ್ಮರೆಯಾದ ಮೇಲೆ, ಅಷ್ಟು ಹೊತ್ತು ಗಟ್ಟಿಯಾಗಿ ನಿಂತಿದ್ದ ಓದುವ ಮನೆಯಾಕೆ ಕುಡಿಯಲೆಂದು ನೀರಿನ ಲೋಟ ಎತ್ತಿದರು. ಅರ್ಧ ನೀರು ಕೀಲಿಮಣೆಯ ಮೇಲೆ ಚೆಲ್ಲಿತು.