ಬಿಳಿ ಟವಲ್ ಹೇಳಿದ ಸತ್ಯ

ಆ ಔಷಧಿ ಅಂಗಡಿಯ ಒಳಗೆ ಕಾಲಿಟ್ಟರೆ ಎಡಕ್ಕೆ ಕೆಮ್ಮು, ಬಲಕ್ಕೆ ಹೊಟ್ಟೆನೋವು, ಕೊನೆಯ ಮೂಲೆಯಲ್ಲಿ ಮುಖ. ಮುಖದ ಮೂಲೆಯಲ್ಲಿ ಒಂದು ಗಾಜಿನ ಕಪಾಟು, ಒಂದು ದೊಡ್ಡ ಕನ್ನಡಿ, ಒಂದು ಸ್ಟೂಲು. ಸ್ಟೂಲಿನ ಮೇಲೆ ಹನ್ನೊಂದು ವರ್ಷದಿಂದ ಯಜಮಾನನ ಅತ್ತಿಗೆ. ಅವಳ ಗಂಡ ವ್ಯಾನಿನಲ್ಲಿ ಔಷಧಿ ಪೆಟ್ಟಿಗೆ ತಲುಪಿಸುತ್ತ ಸುತ್ತುವವನು, ಗಲ್ಲಾ ಮೈದುನನದು. ಮೈದುನ ಕರೆಯುವುದನ್ನು ಕೇಳಿ ಕೇಳಿ ಗಿರಾಕಿಗಳಿಗೂ ಅವಳು ಅತ್ತಿಗೆಯೇ ಆಗಿದ್ದಳು, ಕನ್ನಡಿ ಅತ್ತಿಗೆ.

ಅವಳ ವ್ಯಾಪಾರದ ರೀತಿ ವ್ಯಾಪಾರಿಗಳಿಗೆ ಜೀರ್ಣವಾಗುವಂಥದಲ್ಲ. ಜಿಡ್ಡು ಮುಖ ಹೊತ್ತು ಬಂದವರಿಗೆ ಮೊದಲ ದಿನ ಏನನ್ನೂ ಕೊಡುತ್ತಿರಲಿಲ್ಲ. “ಮನೇಲಿ ಮುಖಕ್ಕೆ ಏನೇನು ಹಚ್ತೀರೋ ಎಲ್ಲಾ ಒಂದು ಚೀಲಕ್ಕೆ ಹಾಕ್ಕೊಂಡು ಬನ್ನಿ” ಎಂದು ವಾಪಸ್ ಕಳಿಸುವಳು. ಚೀಲ ಬಂದ ಮೇಲೆ ಅರ್ಧಕ್ಕರ್ಧ ಪಕ್ಕಕ್ಕೆ ಸರಿಸಿ, ಒಂದೇ ಒಂದು ಹೊಸದನ್ನು ಕೊಡುವಳು. ಎರಡನೆಯದು ಬೇಕಾದರೆ ಎರಡು ವಾರ ಕಾಯಬೇಕು.

ಇದು ಪುಸ್ತಕ ಓದಿ ಬಂದ ಬುದ್ಧಿಯಲ್ಲ. ಹತ್ತೊಂಬತ್ತನೇ ವಯಸ್ಸಿನಲ್ಲಿ ಅವಳ ಹಣೆಯ ಮೇಲೆ ಒಗ್ಗರಣೆ ಹಾಕುವಷ್ಟು ಎಣ್ಣೆ ಇತ್ತು. ಮೈ ಸೋಪಿನಲ್ಲಿ ದಿನಕ್ಕೆ ಎಂಟು ಸಲ ತೊಳೆದಳು. ಕೆನ್ನೆ ಉರಿಯಿತು, ಸಿಪ್ಪೆ ಎದ್ದಿತು. ಎಣ್ಣೆ ಮಾತ್ರ ಬಾಡಿಗೆ ಕೊಡದ ಬಿಡಾರದವನಂತೆ ಅಲ್ಲೇ ಇತ್ತು.

“ಬಂದ ಗಿರಾಕೀನ ಬರಿಗೈಲಿ ಕಳಿಸೋ ವಿದ್ಯೇನ ನಿಮ್ಮ ಹತ್ರಾನೇ ಕಲೀಬೇಕು, ಅತ್ತಿಗೆ” ಎಂದು ಮೈದುನ ಆಗಾಗ ಕೊಂಕು ನುಡಿಯುತ್ತಿದ್ದ. ಆ ವಾರ ಕೊಂಕು ತೀರ್ಮಾನವಾಗಿತ್ತು. ಸೋಮವಾರ ತಂಪು ಪಾನೀಯದ ಫ್ರಿಜ್ ಬರುತ್ತದೆ, ಅದು ಕನ್ನಡಿಯ ಮೂಲೆಗೆ. ಅತ್ತಿಗೆ ಹಿಂದಿನ ಕೋಣೆಗೆ ಹೋಗಿ ಪೆಟ್ಟಿಗೆ ಬಿಚ್ಚುವುದು, ಚೀಟಿ ಅಂಟಿಸುವುದು.

“ಇನ್ನೂ ಎರಡು ದಿನ ಇದೆಯಲ್ಲ” ಎಂದಷ್ಟೇ ಹೇಳಿ ಅತ್ತಿಗೆ ಕನ್ನಡಿ ಒರೆಸಿದಳು. ಹನ್ನೊಂದು ವರ್ಷ ಬೇರೆಯವರ ಮೂಗು ಓದಿದವಳಿಗೆ ಮೈದುನನ ಮುಖ ಓದುವುದು ಎಷ್ಟರ ಕೆಲಸ? ಆದರೆ ವಾರದಿಂದ ಆ ಮುಖವೇ ಕಾಣುತ್ತಿರಲಿಲ್ಲ. ಧೂಳು ಎಂದು ಮಾಸ್ಕ್ ಹಾಕಿಕೊಂಡಿದ್ದ. ಜೊತೆಗೆ, ಎರಡು ನೀಲಿ ಅಂಗಿ ಹಾಳು ಮಾಡಿದನೆಂದು ಇಸ್ತ್ರಿಯವನನ್ನು ಬೆಳಿಗ್ಗೆ ಸಂಜೆ ಬೈಯುತ್ತಿದ್ದ.

ಶನಿವಾರ ಬೆಳಿಗ್ಗೆ ಬಸ್ ಕಂಡಕ್ಟರ್ ಹುಡುಗಿ ಚೀಲದೊಂದಿಗೆ ಬಂದಳು. ಗಾಜಿನ ಮೇಲೆ ಏಳು ಡಬ್ಬಿ ಸಾಲಾಗಿ ನಿಂತವು.

“ಈ ಒರಟು ಪುಡಿ ಪಾತ್ರೆಗೆ ಸರಿ, ಮುಖಕ್ಕಲ್ಲ” ಎಂದು ಅತ್ತಿಗೆ ಒಂದನ್ನು ಸರಿಸಿದಳು. “ಈ ಫೇಸ್‌ವಾಶ್ ಮೃದುವಾಗಿದೆ, ಇರ್ಲಿ. ಬೆಳಿಗ್ಗೆ ಒಂದ್ಸಲ, ರಾತ್ರಿ ಒಂದ್ಸಲ. ತುಂಬಾ ಬೆವರಿದ್ರೆ ಇನ್ನೊಂದ್ಸಲ. ಈ ಎಣ್ಣೆ ಇಲ್ಲದ ಕ್ರೀಮನ್ನ ಯಾಕೆ ಬಿಟ್ಬಿಟ್ಟೆ?”

“ಇರೋ ಜಿಡ್ಡೇ ಸಾಲದಾ ಅತ್ತಿಗೆ?”

“ಜಿಡ್ಡು ಇದ್ರೂ ಚರ್ಮ ಒಣಗುತ್ತೆ ಕಣಮ್ಮ. ತೆಳ್ಳಗೆ ಹಚ್ಚು. ಹೊಸದು ಅಂದ್ರೆ ಈ ಮೊಡವೆ ಕ್ರೀಮ್ ಒಂದೇ. ಒಂದು ರಾತ್ರಿ ಬಿಟ್ಟು ಒಂದು ರಾತ್ರಿ, ಕಡಲೆಕಾಳಿನಷ್ಟು. ಟವಲ್ಲು, ದಿಂಬಿನ ಕವರು ಬಿಳೀದೇ ಇಟ್ಕೋ. ಇದು ಬಟ್ಟೆ ಬಣ್ಣ ತಿನ್ನುತ್ತೆ. ನೀಲಿ ಕಾಲರಿಗೆ ತಾಗಿದ್ರಂತೂ ಬಿಳಿ ಬಿಳಿ ಮಚ್ಚೆ.”

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಗಲ್ಲಾದ ಹಿಂದೆ ಮೈದುನನ ಕೈ ಸೀದಾ ಕಾಲರಿಗೆ ಹೋಯಿತು. ಅಂಗಡಿಯಲ್ಲಿ ಯಾರೂ ನೋಡಲಿಲ್ಲ, ಕನ್ನಡಿ ನೋಡಿತು.

ಹುಡುಗಿಯನ್ನು ಕಳಿಸಿ ಅತ್ತಿಗೆ ಗಲ್ಲಾದ ಹತ್ತಿರ ಬಂದಳು. ದನಿ ತಗ್ಗಿಸಿದಳು.

“ಇಸ್ತ್ರಿಯವನು ಜಾಣ ಕಣಪ್ಪ. ಅಂಗಿ ಪೂರ್ತಿ ಬಿಟ್ಟು ಬರೀ ಕತ್ತಿನ ಸುತ್ತ ಸುಟ್ಟಿದಾನೆ. ಮಾಸ್ಕ್ ತೆಗಿ.”

“ಧೂಳು, ಅತ್ತಿಗೆ.”

“ತೆಗೀತೀಯೋ, ನಾನೇ ತೆಗೀಲೋ?”

ಮಾಸ್ಕ್ ಇಳಿಯಿತು. ಮೂಗಿನಿಂದ ಗಲ್ಲದವರೆಗೆ ಕೆಂಪಗೆ ಕಾದ ಹಂಚು, ಅಂಚಿನಲ್ಲಿ ಸಿಪ್ಪೆ.

“ಏನೇನು ಹಚ್ದೆ?”

“ನಿಮ್ಮ ಕಪಾಟಿಂದ... ಒಂದು ಉಜ್ಜೋದು, ಒಂದು ನೀರಿನ ಥರದ್ದು, ಒಂದು ಫೇಸ್‌ವಾಶು, ಆಮೇಲೆ ಆ ಕ್ರೀಮು.”

“ಒಂದಾದ ಮೇಲೆ ಒಂದಾ?”

“ಒಂದೇ ರಾತ್ರಿ ಎಲ್ಲಾ ಶುರು ಮಾಡ್ದೆ. ವ್ಯಾಪಾರಿ ಸಂಘದ ಫೋಟೋ ಇದೆಯಲ್ಲ, ಬರೋ ತಿಂಗಳು. ಹೋದ ವರ್ಷದ ಫೋಟೋದಲ್ಲಿ ಇಪ್ಪತ್ತು ತಲೆ, ಜಿಡ್ಡಿಗೆ ಹೊಳೆಯೋ ಒಂದು ಬಲ್ಬು. ಆ ಬಲ್ಬು ನಾನು.”

“ಹತ್ತು ಹೆಜ್ಜೆ ದೂರದಲ್ಲಿ ಕೂತಿದೀನಿ. ಒಂದು ಮಾತು ಕೇಳಬಾರದಿತ್ತಾ?”

“ಕೇಳಿದ್ರೆ ನೀವು ಕೊಡ್ತಾನೇ ಇರ್ಲಿಲ್ವಲ್ಲ!”

ಅತ್ತಿಗೆ ನಗಲಿಲ್ಲ. ನಗು ತಡೆದು ಮಾತಾಡಿದರೇ ಬೆಲೆ ಹೆಚ್ಚು ಎಂಬುದು ಅವಳಿಗೆ ಗೊತ್ತು. “ಎಲ್ಲಾ ನಿಲ್ಸು. ಮೃದುವಾದ ಫೇಸ್‌ವಾಶು, ವಾಸನೆ ಇಲ್ಲದ ಸಾದಾ ಕ್ರೀಮು, ಅಷ್ಟೇ. ನಾಲ್ಕೈದು ದಿನದಲ್ಲಿ ಉರಿ ಇಳೀದಿದ್ರೆ ಚರ್ಮದ ಡಾಕ್ಟರ ಹತ್ರ ನಡಿ. ಇನ್ನೊಂದು ಮಾತು. ನಾನು ಬರಿಗೈಲಿ ಕಳಿಸಿದೋರು ಕೆಮ್ಮಿಗೆ ಎಲ್ಲಿಗೆ ಬರ್ತಾರೆ? ಜ್ವರಕ್ಕೆ? ಮಗು ಹೊಟ್ಟೆನೋವಿಗೆ? ಈ ಕಪಾಟಿನ ವ್ಯಾಪಾರ ಆ ಕಪಾಟಲ್ಲಿ ಆಗುತ್ತೆ ಕಣಪ್ಪ. ಫ್ರಿಜ್ಜು ಯಾರನ್ನೂ ವಾಪಸ್ ಕರೆಯಲ್ಲ.”

ಮೈದುನ ಮಾಸ್ಕ್ ಏರಿಸಿಕೊಂಡ. ಲೆಕ್ಕದ ಪುಸ್ತಕ ತೆಗೆದು ಕೆಮ್ಮು, ಜ್ವರದ ಪುಟ ತಿರುವತೊಡಗಿದ.

ಸೋಮವಾರ ಇಬ್ಬರು ಫ್ರಿಜ್ ಹೊತ್ತು ತಂದರು. “ಎಲ್ಲಿ ಇಳಿಸೋದು ಸ್ವಾಮಿ?” ಕನ್ನಡಿಯ ಮುಂದೆ ಕಂಡಕ್ಟರ್ ಹುಡುಗಿ ಕಳಿಸಿದ ಮೂವರು ಚೀಲ ಹಿಡಿದು ನಿಂತಿದ್ದರು. ಅವರಲ್ಲೊಬ್ಬಳು ಬರುವಾಗಲೇ ಅಮ್ಮನಿಗೆ ಕೆಮ್ಮಿನ ಸಿರಪ್ ಕೊಂಡಿದ್ದಳು.

ಮೈದುನ ಮೂಲೆಯ ಕಡೆ ನೋಡಿದ, ಸಿರಪ್ ಕಡೆ ನೋಡಿದ. “ಇಲ್ಲೇ ಇಳಿಸ್ರಪ್ಪ, ಬಾಗಿಲ ಹತ್ರ. ನನ್ನ ಕುರ್ಚಿ ಆ ಕಡೆ ತಳ್ಳಿ.”

ಫ್ರಿಜ್ಜಿನವರು ಹೋದ ಮೇಲೆ ಅವನು ಮೇಜಿನ ಕೆಳಗಿಂದ ಒಂದು ಬಟ್ಟೆ ಚೀಲ ತೆಗೆದು, ಮೂವರ ಹಿಂದೆ ನಾಲ್ಕನೆಯವನಾಗಿ ಹೋಗಿ ನಿಂತ. ಅವನ ಹೆಗಲ ಮೇಲೆ ಹೊಚ್ಚ ಹೊಸ ಬಿಳಿ ಟವಲ್ ಇತ್ತು.

“ಟವಲ್ಲು ಈಗಲೇ ಬೇಡ ಕಣಪ್ಪ” ಎಂದಳು ಅತ್ತಿಗೆ, ತಲೆ ಎತ್ತದೆ. “ಆ ಕ್ರೀಮ್ ನಿನಗೆ ಇನ್ನೂ ಕೊಟ್ಟಿಲ್ಲ.”