ತಿಪ್ಪಮ್ಮತ್ತೆ ನನಗಿಟ್ಟ ಹೆಸರು

ನಮ್ಮ ಸೋದರತ್ತೆ ತಿಪ್ಪಮ್ಮನದು ಗಂಟಲಲ್ಲ, ತಮಟೆ! ಹನೂರಿನ ಗಂಡನ ಮನೆಯಿಂದ ಕಾಮಗೆರೆಗೆ ಬಂದರೆ ಬೀದಿಯ ತುದಿಯಲ್ಲಿ ಗಾಡಿ ಇಳಿಯುವಾಗಲೇ ಕೂಗು: "ತುಂಬೇ! ಎಲ್ಲಿದ್ದೀಯವ್ವೋ!" ತುಂಬೆ ಅಂದರೆ ನಾನೇ. ತಿನ್ನುತ್ತಿದ್ದ ಮುದ್ದೆ ಬಿಟ್ಟು ಓಡುತ್ತಿದ್ದೆ.

ಶಾಲೆಯಲ್ಲಿ ಹುಡುಗಿಯರು "ಕಳೆ ಗಿಡದ ಹೆಸರು" ಎಂದು ರೇಗಿಸಿದ ದಿನ ಅತ್ತೆ ನನ್ನನ್ನು ದರದರ ಹೊಲದ ಬದುವಿಗೆ ಎಳೆದುಕೊಂಡು ಹೋಗಿ, ಉಗುರಿನಷ್ಟು ಪುಟ್ಟ ಬಿಳಿ ಹೂ ಕಿತ್ತು ಅಂಗೈಗಿಟ್ಟಳು.

"ನೋಡವ್ವ, ಯಾರೂ ನೀರು ಉಯ್ಯಲ್ಲ, ಗೊಬ್ರ ಆಕಲ್ಲ, ಆದ್ರೂ ಎಂಗೆ ನಗ್ತದೆ! ಸಿವನ ತಲೆ ಮ್ಯಾಲೆ ಕೂರೋ ಊವು ಕಣವ್ವ ನೀನು. ಚೀಪು ನೋಡು!"

ಚೀಪಿದೆ. ಅಬ್ಬಾ, ಜೇನು! ಮರುದಿನ ರೇಗಿಸಿದವರಿಗೆಲ್ಲ ಚೀಪಿಸಿದೆ.

ಆ ಹೆಸರಿಗಾಗಿ ಅತ್ತೆ ಎಂಥ ಜಗಳ ಕಟ್ಟಿಕೊಂಡಿದ್ದಳು ಅಂತೀರಿ! ನನಗಿಂತ ಮೊದಲು ಅವ್ವನಿಗೆ ಹುಟ್ಟಿದ ಮೂರು ಮಕ್ಕಳೂ ಉಳಿದಿರಲಿಲ್ಲ. ಅಂಥ ಮನೆಯಲ್ಲಿ ಕೂಸನ್ನು ತಿಪ್ಪೆಯ ಮೇಲೆ ಮಲಗಿಸಿ ಎತ್ತಿ, ತಿಪ್ಪಮ್ಮ ಅಂತ ಹೆಸರಿಡುವುದು ವಾಡಿಕೆ. ಸಾವಿಗೂ ಅಸಹ್ಯವಾಗಿ ಮುಟ್ಟದೆ ಹೋಗಲಿ ಎಂದು. ಅತ್ತೆ ಉಳಿದದ್ದೂ ಹಾಗೇ. ಆದರೆ ಹೋದಲ್ಲೆಲ್ಲ ಜನ ಆ ಹೆಸರಿಗೆ ನಕ್ಕದ್ದು ಅವಳಿಗೆ ಉರಿಯುತ್ತಿತ್ತು.

ನನ್ನನ್ನು ತೊಟ್ಟಿಲಿಗೆ ಹಾಕಿದ ದಿನ ಕಿವಿಯಲ್ಲಿ ಹೆಸರು ಹೇಳಬೇಕಾದವಳು ಸೋದರತ್ತೆಯೇ. "ತಿಪ್ಪಮ್ಮ ಅಂತ್ಲೇ ಯೋಳು" ಎಂದು ಅಜ್ಜಿ ತಾಕೀತು ಮಾಡಿದ್ದಳಂತೆ. ಅತ್ತೆ ಬಗ್ಗಿ ನನ್ನ ಕಿವಿಗೆ ಬಾಯಿಟ್ಟು ಎದ್ದವಳೇ ಊರಿಗೆಲ್ಲ ಕೇಳುವಂತೆ ಕೂಗಿಬಿಟ್ಟಳು: "ತುಂಬೆ!"

ಅಜ್ಜಿ ಎದೆ ಬಡಿದುಕೊಂಡಳು. "ಈ ಕೂಸಿಗೇನಾರ ಆದ್ರೆ ನಿನ್ನ ಈ ಒಸ್ಲು ತುಳಿಸಕಿಲ್ಲ ಕಣೇ!"

ನನಗೆ ವರ್ಷ ತುಂಬುವವರೆಗೆ ಅತ್ತೆ ವಾರವಾರವೂ ಹನೂರಿಂದ ಬಂದು, ನನ್ನ ಮೈ ಮುಟ್ಟಿ ನೋಡಿ ಹೋಗುತ್ತಿದ್ದಳಂತೆ.

ನಾನು ಮದುವೆಯಾಗಿ ಯಳಂದೂರಿಗೆ ಹೋದ ಮೇಲೆ ಅತ್ತೆ ಕಾಯಿಲೆ ಬಿದ್ದಳೆಂದು ಸುದ್ದಿ ಬಂತು. ಓಡಿದೆ. ಪಕ್ಕದಲ್ಲಿ ಕೂತು ಕೇಳಿದೆ, "ಅವತ್ತು ನಿಂಗೆ ಭಯ ಆಗ್ನಿಲ್ವಾ ಅತ್ತೆ?"

ಅತ್ತೆ ಬಾಗಿಲ ಕಡೆ ನೋಡಿ ಕಿಸಕ್ಕನೆ ನಕ್ಕಳು. "ಆಗ್ದೆ ಇದ್ದದಾ? ಕಿವೀಲಿ ತಿಪ್ಪಮ್ಮ ಅಂತ್ಲೇ ಯೋಳಿದ್ದೆ ಕಣವ್ವ. ನನ್ನ ಉಳಿಸಿದ್ ಎಸ್ರು, ನಿನ್ನೂ ಉಳಿಸ್ಲಿ ಅಂತ. ತುಂಬೆ ಅಂದದ್ದು ಜನಕ್ಕೆ."

ನಗುವೂ ಬಂತು, ಅಳುವೂ ಬಂತು. ಅವಳ ಕೈ ಬಿಡಲಾಗಲಿಲ್ಲ. ಆ ತಿಂಗಳೇ ಅತ್ತೆ ಹೋದಳು.

ಮೊನ್ನೆ ಕೊಳ್ಳೇಗಾಲದ ಸಂತೆಯಲ್ಲಿ ಯಾರೋ ಯಾರನ್ನೋ "ತಿಪ್ಪಮ್ಮೋ!" ಎಂದು ಕರೆದರು. "ಓ" ಅಂದವಳು ನಾನು.