ಹೆಸರಿನ ಮುಂದೆ ಏನು ಹಾಕೋಣ?

ನಿಮಗೂ ಹೀಗಾಗಿದೆಯಾ ಹೇಳಿ: ಕಂಪ್ಯೂಟರಿನಲ್ಲಿ ಯಾವುದೋ ಅರ್ಜಿ ತುಂಬಲು ಕೂರುತ್ತೀರಿ, ಹೆಸರು ಬರೆಯುವ ಮೊದಲೇ ನೀವು ಶ್ರೀಯೋ, ಶ್ರೀಮತಿಯೋ, ಕುಮಾರಿಯೋ ಆರಿಸಿ ಎನ್ನುತ್ತದೆ. ಆರಿಸದಿದ್ದರೆ ಮುಂದಕ್ಕೆ ಬಿಡುವುದಿಲ್ಲ. ಅಂಥ ಪೀಡೆಗಳನ್ನು ಹುಟ್ಟಿಸುವವರಲ್ಲಿ ನಾನೂ ಒಬ್ಬಳು. ಬೈಯುವುದಿದ್ದರೆ ಈಗಲೇ ಬೈದುಬಿಡಿ.

ನನ್ನ ಕೆಲಸ ಪ್ರೋಗ್ರಾಂ ಬರೆಯುವ ಪ್ರೋಗ್ರಾಂ ಬರೆಯುವುದು. ಚಕ್ಕುಲಿ ಒತ್ತುವುದಲ್ಲ, ಚಕ್ಕುಲಿ ಒರಳು ಮಾಡುವುದು. ಅದರಲ್ಲಿ ಕಾಸ್ಟ್ (cast) ಎಂಬುದೊಂದಿದೆ. ಒಂದು ಮಾಹಿತಿಯ ಹೆಸರಿನ ಮುಂದೆ ಆವರಣ ಚಿಹ್ನೆ ಹಾಕಿ ‘ಇದನ್ನು ಸಂಖ್ಯೆ ಅಂತ ತಿಳಿ’, ‘ಇದನ್ನು ಅಕ್ಷರ ಅಂತ ತಿಳಿ’ ಎಂದು ಅಪ್ಪಣೆ ಕೊಡುವುದು. ಎಷ್ಟೋ ಸಲ ಒಳಗಿನ ವಸ್ತು ಬದಲಾಗುವುದೇ ಇಲ್ಲ, ಕಂಪ್ಯೂಟರು ಪ್ರಶ್ನೆ ಕೇಳುವುದನ್ನು ನಿಲ್ಲಿಸುತ್ತದೆ, ಅಷ್ಟೇ. ಒರಳಿಗೆ ಇದನ್ನು ಕಲಿಸಬೇಕಾದರೆ ಎರಡು ಖಾನೆ ಇಡಬೇಕು: ಒಂದರಲ್ಲಿ ಹೆಸರು, ಇನ್ನೊಂದರಲ್ಲಿ ಅದನ್ನು ಏನೆಂದು ತಿಳಿಯಬೇಕು ಎಂಬುದು. ಎರಡನೆಯದು ಗೊತ್ತಿಲ್ಲದಿದ್ದರೆ? ಖಾಲಿ ಬಿಡುವ ಹಾಗಿಲ್ಲ. ಈ ವಾರವೆಲ್ಲ ಆ ಖಾನೆಯ ಮುಂದೆ ತಲೆ ಚಚ್ಚಿಕೊಳ್ಳುತ್ತಾ ಕೂತಿದ್ದಾಗ, ಅಮ್ಮ ಹೇಳುತ್ತಿದ್ದ ಅವಳ ಲಗ್ನಪತ್ರಿಕೆಯ ಕಥೆ ನೆನಪಾಯಿತು.

ಐವತ್ತರ ದಶಕ, ಚಾಮರಾಜಪೇಟೆ. ಅಮ್ಮನಿಗೆ ತಾಯಿ ಇರಲಿಲ್ಲ. ಸಾಕಿದವಳು ಸೋದರತ್ತೆ ಪುಟ್ಟಲಕ್ಷ್ಮಿ. ಅತ್ತೆಯ ಗಂಡ ಯುದ್ಧದ ಕಾಲದಲ್ಲಿ ಮಿಲಿಟರಿ ಗುಮಾಸ್ತರಾಗಿ ಬರ್ಮಾಕ್ಕೆ ಹೋದವರು ತಿರುಗಿ ಬರಲಿಲ್ಲ. ಸತ್ತ ಸುದ್ದಿಯೂ ಬರಲಿಲ್ಲ. ಅತ್ತೆ ಕುಂಕುಮ ಇಡುವುದನ್ನು ಬಿಡಲಿಲ್ಲ. ಅಮ್ಮನ ಮದುವೆ ಗೊತ್ತಾದಾಗ ಅವಳ ಅಪ್ಪ, ಅಂದರೆ ನನ್ನ ತಾತನದು ಒಂದೇ ಹಠ: ಕರೆಯುವವರ ಹೆಸರುಗಳಲ್ಲಿ ಅಕ್ಕನದೇ ಮೊದಲಿರಬೇಕು.

ಸುಲ್ತಾನ್‌ಪೇಟೆಯ ಪ್ರೆಸ್ಸಿನ ರುದ್ರಪ್ಪನವರು ಕರಡು ಹಿಡಿದು ಮನೆಗೇ ಬಂದರು. ಅವರಲ್ಲಿ ಲಗ್ನಪತ್ರಿಕೆಯ ಅಚ್ಚು ಮೊಳೆ ಜೋಡಿಸಿಟ್ಟ ಹಾಗೇ ಇರುತ್ತಿತ್ತು. ಹೆಸರುಗಳ ಅಚ್ಚುಮೊಳೆ ಬದಲಿಸಿದರೆ ಇನ್ನೊಂದು ಮದುವೆ.

“ರಾಯರೇ, ಅಮ್ಮಾವ್ರ ಹೆಸರಿನ ಮುಂದೆ ಏನ್ ಹಾಕ್ಲಿ? ಸೌಭಾಗ್ಯವತಿನಾ, ಗಂಗಾಭಾಗೀರಥಿ ಸಮಾನರಾದ ಅಂತನಾ?”

ಎರಡನೆಯದು ವಿಧವೆಯರಿಗೆ.

“ಏನೂ ಬೇಡ, ಬರೀ ಹೆಸರು ಹಾಕಿ,” ಎಂದರು ತಾತ.

“ಬೋಳಾಗಿ ಹೆಂಗೆ ಹಾಕೋದು ಸ್ವಾಮಿ? ಮರ್ಯಾದೆ ಗೊತ್ತಿಲ್ವೇನಯ್ಯಾ ಅಂತ ಬೀಗರು ಪ್ರೆಸ್ಸಿಗೇ ಬಂದು ಉಗೀತಾರೆ.”

“ಹಂಗಾದ್ರೆ ಶ್ರೀಮತಿ ಅಂತ ಹಾಕಿ. ಎರಡಕ್ಕೂ ನಡೆಯತ್ತೆ.”

“ಹಾಕ್ತೀನಿ. ಪಕ್ಕದಲ್ಲಿ ‘ಮತ್ತು ಶ್ರೀ’ ಅಂತ ಬರತ್ತಲ್ಲ, ಅಲ್ಲಿ ಯಜಮಾನ್ರ ಹೆಸರು ಹಾಗೇ ಇರ್ಲಾ, ದಿವಂಗತ ಸೇರಿಸ್ಲಾ?”

ತಾತ ಸಿಡುಕಿದರು. “ಹನ್ನೆರಡು ವರ್ಷ ಕಳೀತು, ದರ್ಭೆ ಗೊಂಬೆ ಸುಟ್ಟು ಕರ್ಮ ಮುಗಿಸ್ಬಿಡಿ ಅಂತ ಶಾಸ್ತ್ರಿಗಳು ಬಡ್ಕೊಂಡ್ರು. ಇವಳು ಕೇಳಿದ್ರೆ ತಾನೇ!”

ಗಂಡನ ಹೆಸರು ಹಾಗೇ ಬಿಟ್ಟರೆ ಅವರೆಲ್ಲಿ ಎನ್ನುತ್ತಾರೆ ಬೀಗರು. ದಿವಂಗತ ಎಂದರೆ ಅತ್ತೆ ಸಾಕಿದ ಮಗಳಿಗೆ ಆರತಿ ಎತ್ತುವ ಹಾಗಿಲ್ಲ. ಅದೂ ಹೋಗಲಿ, ಸರ್ಕಾರ ಹೇಳದ್ದನ್ನು, ಯಮನೂ ಹೇಳದ್ದನ್ನು ಸುಲ್ತಾನ್‌ಪೇಟೆಯ ಪ್ರೆಸ್ಸು ಅರಿಶಿನ ಹಚ್ಚಿದ ಕಾಗದದಲ್ಲಿ ಹೇಳಿದಂತಾಗುತ್ತದೆ.

ಅತ್ತೆ ಕಾಫಿ ತಂದಿಟ್ಟಳು. “ರುದ್ರಪ್ಪನೋರೇ, ಅವ್ರು ಇದಾರೋ ಇಲ್ವೋ ನಂಗೇ ಗೊತ್ತಿಲ್ಲ. ನೀವ್ಯಾಕೆ ಹೇಳೋಕೆ ಹೋಗ್ತೀರಿ? ನನ್ನ ಸಾಲು ತೆಗೆದ್ಬಿಡಿ.”

“ಅಕ್ಕಾ, ಸಾಕಿದೋಳು ನೀನು...”

“ಸಾಕಿದ್ದನ್ನೂ ಅಚ್ಚು ಹಾಕಿಸ್ಬೇಕೇನೋ? ತೆಗೀರಿ ಅಂದ್ನಲ್ಲ. ಕಾಫಿ ಆರೋಗತ್ತೆ, ಕುಡೀರಿ.”

ತೆಗೆದರು. ಪತ್ರಿಕೆ ಬಹಳ ಚೆನ್ನಾಗಿ ಬಂತಂತೆ. ಮದುವೆಯ ದಿನ ಅತ್ತೆ ಉಗ್ರಾಣ ಬಿಟ್ಟು ಹೊರಗೆ ಬರಲಿಲ್ಲ. ಧಾರೆಯಾದ ಮೇಲೆ ಅಮ್ಮ ನಮಸ್ಕಾರ ಮಾಡಲು ಹುಡುಕಿಕೊಂಡು ಹೋದರೆ, ಬಾಗಿಲ ಸಂದಿಯಿಂದಲೇ, “ಮೊದ್ಲು ಮುತ್ತೈದೆಯರಿಗೆ ಮಾಡು ಹೋಗೇ” ಎಂದಳಂತೆ. ಹಣೆಯ ಮೇಲೆ ಕುಂಕುಮ ಇದ್ದೇ ಇತ್ತು. ಅತ್ತೆ ತನ್ನನ್ನು ತಾನು ಯಾವ ಖಾನೆಗೆ ಹಾಕಿಕೊಂಡಿದ್ದಳೋ, ಕೇಳುವ ಧೈರ್ಯ ಅಮ್ಮನಿಗೆ ಕೊನೆಗೂ ಬರಲಿಲ್ಲ.

ಗೊತ್ತಿಲ್ಲ ಎನ್ನುವುದಕ್ಕೆ ಒಂದು ಮೊಳೆ ರುದ್ರಪ್ಪನವರ ಹತ್ತಿರ ಇರಲಿಲ್ಲ. ಕಂಪ್ಯೂಟರಿನವರು ನಾವಾದರೂ ಅಂಥದೊಂದು ಮಾಡಿಸಿಟ್ಟಿದ್ದೇವೆಯೇ? ಸಾಲನ್ನೇ ಕಿತ್ತುಹಾಕಿ, ಮದುವೆ ಗಡದ್ದಾಗಿ ನಡೆಯಿತು ಎನ್ನುವುದನ್ನು ಮಾತ್ರ ಚೆನ್ನಾಗಿ ಕಲಿತಿದ್ದೇವೆ.

ನಿಮ್ಮ ಮನೆಯ ಪತ್ರಿಕೆಯಿಂದಲೂ ಯಾರಾದರೂ ಹೀಗೆ ಬಿಟ್ಟುಹೋಗಿದ್ದರೆ ಕೆಳಗೆ ಬರೆಯಿರಿ. ಕಥೆ ಗೊತ್ತಿದ್ದರೆ ಕಥೆ, ಇಲ್ಲದಿದ್ದರೆ ಹೆಸರಷ್ಟೇ ಸಾಕು. ಹೆಸರಿನ ಮುಂದೆ ಏನೂ ಬೇಡ. ಮೊದಲನೆಯದು ನಾನೇ ಬರೆಯುತ್ತೇನೆ:

ಪುಟ್ಟಲಕ್ಷ್ಮಿ.